ಯುನಿಕ್ಸ್ ಶಾಖೆಗಳೂ ಅವುಗಳ ಡ್ರೈವರುಗಳೂ

ಬ್ಯಾಂಕುಗಳ ಯಂತ್ರೀಕರಣದ ವಿಷಯವಾಗಿ ರಿಸರ್ವ್ ಬ್ಯಾಂಕು ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು 1984ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಅವರದೇ ನೇತೃತ್ವದ ಎರಡನೆಯ ಸಮಿತಿಯು 1989ರಲ್ಲಿ ಆ ಕಾರ್ಯವನ್ನು ಇನ್ನಷ್ಟು ಮುಂದಕ್ಕೊಯ್ದ ಮೇಲೆ, ಫೋರ್ಟಿನಿಂದ ಮುಲುಂಡದವರೆಗೆ ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ದಪ್ಪ ರಟ್ಟಿನ ಲೆಡ್ಜರುಗಳು ಒಂದೊಂದಾಗಿ ಹಿಂದೆ ಸರಿದು, ಅವುಗಳ ಸ್ಥಾನದಲ್ಲಿ ಟರ್ಮಿನಲ್ಲುಗಳು ಬಂದು ಕುಳಿತವು. ಮಂಗಳೂರು ಉಡುಪಿಗಳಲ್ಲಿ ಹುಟ್ಟಿ ಈ ಮಹಾನಗರದಲ್ಲಿ ಬೇರುಬಿಟ್ಟ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳಲ್ಲಿ ದುಡಿದ ನಮ್ಮವರಲ್ಲಿ ಅನೇಕರು ಕಂಪ್ಯೂಟರೆಂಬುದನ್ನು ಮೊದಲು ಕಂಡದ್ದು ಈ ರೂಪದಲ್ಲಿಯೇ ಇರಬೇಕು: ಒಳಕೋಣೆಯ ತಂಪಿನಲ್ಲಿ ಒಂದೇ ಒಂದು ಯಂತ್ರ, ಅದರೊಳಗೆ ಎಂಟೋ ಹದಿನಾರೋ ತಂತಿಗಳಿಗೆ ಆಶ್ರಯಕೊಟ್ಟ ಒಂದು ಸೀರಿಯಲ್ ಕಾರ್ಡು, ಆ ತಂತಿಗಳ ತುದಿಯಲ್ಲಿ ಕೌಂಟರಿನ ಟರ್ಮಿನಲ್ಲುಗಳು, ಕರ್ಕಶವಾಗಿ ಕಿರುಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು. ಇವೆಲ್ಲವನ್ನೂ ಏಕಕಾಲಕ್ಕೆ ಆಳುತ್ತಿದ್ದುದು ಬಹುಮಟ್ಟಿಗೆ ಯುನಿಕ್ಸ್, ಅಥವಾ ಅದರ ಸೋದರ ಸಂತಾನವಾದ ಜೆನಿಕ್ಸ್.

ಆ ಸೀರಿಯಲ್ ಕಾರ್ಡಿನ ಪೆಟ್ಟಿಗೆಯಲ್ಲಿ ಒಂದು ಫ್ಲಾಪಿಯೂ ಇರುತ್ತಿತ್ತು. ಕಾರ್ಡನ್ನು ನಡೆಸತಕ್ಕ ಡ್ರೈವರ್ ಅದರಲ್ಲಿ. ವಿಚಿತ್ರವೇನೆಂದರೆ, ಜೆನಿಕ್ಸಿಗೆಂದು ಬಂದ ಫ್ಲಾಪಿ ಎಸ್‌ಸಿಓ ಕಂಪನಿಯ ಯುನಿಕ್ಸಿಗೆ ಸಲ್ಲದು, ಎಸ್‌ಸಿಓ ಯುನಿಕ್ಸಿನದು ಮತ್ತೊಬ್ಬ ತಯಾರಕನ ಸಿಸ್ಟಂ ಫೈವ್ ಎಂಬ ಯುನಿಕ್ಸಿಗೆ ಸಲ್ಲದು. ಕಾರ್ಡು ಅದೇ, ತಂತಿ ಅದೇ, ತಂತಿಯಲ್ಲಿ ಹರಿಯುವ ವಿದ್ಯುತ್ತೂ ಅದೇ. ಉಳಿತಾಯ ಖಾತೆಯ ಬಡ್ಡಿ ಲೆಕ್ಕಹಾಕುವ ಪ್ರೋಗ್ರಾಮನ್ನಾದರೋ ಒಂದು ಯುನಿಕ್ಸಿನಿಂದ ಮತ್ತೊಂದಕ್ಕೆ ಒಯ್ದು ಮರುಕಂಪೈಲು ಮಾಡಿದರೆ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ನಡೆಯುತ್ತಿತ್ತು. ಡ್ರೈವರಿಗೆ ಮಾತ್ರ ಏಕೆ ಈ ಮಡಿ? ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ, ಯುನಿಕ್ಸ್ ವಂಶದವರೆಲ್ಲರೂ ತಮ್ಮ ಮೇಲಿನ ಪ್ರೋಗ್ರಾಮುಗಳಿಗೆ ಕೊಟ್ಟ ವಚನವು ಬಹುಮಟ್ಟಿಗೆ ಒಂದೇ. ತಮ್ಮೊಳಗಿನ ಡ್ರೈವರುಗಳಿಗೆ ಕೊಟ್ಟ ವಚನವು ಒಬ್ಬೊಬ್ಬರದು ಒಂದೊಂದು, ಕೆಲವರಂತೂ ಯಾವ ವಚನವನ್ನೂ ಕೊಡಲೇ ಇಲ್ಲ.

ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬಿಬ್ಬರು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭಿಸಿ, 1973ರಲ್ಲಿ ಸಿ ಭಾಷೆಯಲ್ಲಿ ಪುನಃ ಬರೆದ ಯುನಿಕ್ಸಿನಲ್ಲಿ, ಯಂತ್ರಕ್ಕೆ ಸೇರಿದ ಉಪಕರಣಗಳೆಲ್ಲವೂ ಕಡತಗಳಂತೆಯೇ ತೋರಬೇಕೆಂಬ ಸಂಕಲ್ಪವಿತ್ತು. ಪ್ರಿಂಟರಿರಲಿ, ಡಿಸ್ಕಿರಲಿ, ಟರ್ಮಿನಲ್ಲಿರಲಿ, ಡೆವ್ ಎಂಬ ಡೈರೆಕ್ಟರಿಯಲ್ಲಿ ಅದಕ್ಕೊಂದು ಹೆಸರುಂಟು. ಪ್ರೋಗ್ರಾಮಾದದ್ದು ಆ ಹೆಸರನ್ನು ತೆರೆದು, ಓದಿ, ಬರೆದು, ಮುಚ್ಚಿದರೆ ಸಾಕು. ಇದರ ಪ್ರಯೋಜನವನ್ನು ತಿಳಿಯಲು ಮುಂಬಯಿ ಬಿಟ್ಟು ಹೋಗಬೇಕಾಗಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಳಗದಿಂದ ಬೇರ್ಪಟ್ಟು 1985ರಲ್ಲಿ ಸ್ವತಂತ್ರವಾಗಿ, ಜುಹುವಿನಲ್ಲಿ ನೆಲೆಗೊಂಡ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರಕ್ಕೂ ಪವಾಯಿಯ ಐ.ಐ.ಟಿ.ಗೂ ನಡುವೆ 1986-87ರ ವೇಳೆಗೆ ದೂರವಾಣಿ ತಂತಿಯ ಮೇಲೆ ಮಿಂಚಂಚೆ ಓಡಾಡತೊಡಗಿತಷ್ಟೆ, ಎಸ್. ರಮಣಿಯವರ ನೇತೃತ್ವದ ಆ ಕೇಂದ್ರವೇ ಮುಂದೆ ಅರ್ನೆಟ್ ಜಾಲದ ಆಧಾರಸ್ತಂಭಗಳಲ್ಲೊಂದಾಯಿತು. ಅಂಚೆಯನ್ನು ಹೊತ್ತ ಯುಯುಸಿಪಿ ಎಂಬ ಪ್ರೋಗ್ರಾಮಿಗೆ ಮೋಡೆಮ್ ಎಂಬುದು ಡೆವ್ ಡೈರೆಕ್ಟರಿಯ ಒಂದು ಕಡತಕ್ಕಿಂತ ಹೆಚ್ಚಿನದಾಗಿರಲಿಲ್ಲ. ಆ ಕಡತದ ಬೆನ್ನಿಗೆ ಯಾವ ಚಿಪ್ ಇದೆ, ಅದಕ್ಕೆ ಯಾವ ವಿಳಾಸ, ಯಾವ ಅಡಚಣೆ ಸಂಕೇತ ಎಂಬ ಗೊಡವೆಯೆಲ್ಲ ಡ್ರೈವರಿನದು.

ಒಳಗಿನ ವ್ಯವಸ್ಥೆಯೂ ಮೊದಮೊದಲು ಬಹು ಸರಳವಾಗಿತ್ತು. ಪ್ರತಿಯೊಂದು ಉಪಕರಣದ ಕಡತಕ್ಕೂ ಎರಡು ಸಂಖ್ಯೆಗಳು: ಮೇಜರ್ ಸಂಖ್ಯೆಯು ಡ್ರೈವರ್ ಯಾವುದೆಂಬುದನ್ನೂ, ಮೈನರ್ ಸಂಖ್ಯೆಯು ಆ ಡ್ರೈವರಿನ ಕೈಕೆಳಗಿನ ಎಷ್ಟನೆಯ ಉಪಕರಣವೆಂಬುದನ್ನೂ ಸೂಚಿಸುತ್ತವೆ. ಯುನಿಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಎರಡು ಕೋಷ್ಟಕಗಳು. ಡಿಸ್ಕಿನಂತೆ ಗುಂಪುಗುಂಪಾಗಿ ದತ್ತಾಂಶ ಸಾಗಿಸುವವಕ್ಕೆ ಒಂದು, ಟರ್ಮಿನಲ್ಲಿನಂತೆ ಒಂದೊಂದೇ ಅಕ್ಷರವಾಗಿ ಸಾಗಿಸುವವಕ್ಕೆ ಮತ್ತೊಂದು. ಆಸ್ಟ್ರೇಲಿಯದ ಪ್ರಾಧ್ಯಾಪಕ ಜಾನ್ ಲಯನ್ಸ್ 1970ರ ದಶಕದಲ್ಲಿ ಆರನೆಯ ಆವೃತ್ತಿಯ ಕರ್ನಲ್ಲಿನ ಮೂಲಪಾಠಕ್ಕೆ ಬರೆದ ವ್ಯಾಖ್ಯಾನದಲ್ಲಿ ಡಿಸ್ಕು, ಲೈನ್ ಪ್ರಿಂಟರುಗಳ ಡ್ರೈವರುಗಳೂ ಸೇರಿವೆ. ಅವು ಎಷ್ಟು ಚಿಕ್ಕವೆಂದರೆ, ಸಿ ಬಲ್ಲ ವಿದ್ಯಾರ್ಥಿಯೊಬ್ಬನು ಒಂದು ಸಂಜೆಯಲ್ಲಿ ಒಂದನ್ನು ಓದಿ ಅರ್ಥಮಾಡಿಕೊಳ್ಳಬಹುದು. ಆದರೆ ಈ ಡ್ರೈವರುಗಳು ಕರ್ನಲ್ಲಿನ ಹೊರಗೆ ನಿಂತು ಸೇವೆ ಸಲ್ಲಿಸುವವಲ್ಲ, ಅದರ ಶರೀರದಲ್ಲಿಯೇ ಸೇರಿಹೋದವು. ಕರ್ನಲ್ಲಿನ ಯಾವ ಸ್ಮೃತಿಯನ್ನಾದರೂ ಮುಟ್ಟುವ ಅಧಿಕಾರ ಅವಕ್ಕುಂಟು. ಅಗ್ಗದ ಕಾರ್ಡಿನ ಡ್ರೈವರೊಂದು ತಪ್ಪು ವಿಳಾಸಕ್ಕೆ ಒಂದು ಸಂಖ್ಯೆಯನ್ನು ಬರೆದರೆ ಇಡೀ ಶಾಖೆಯ ವ್ಯವಹಾರ ಆ ಕ್ಷಣದಲ್ಲಿ ಸ್ತಬ್ಧವಾಗುತ್ತದೆ.

ಮೇಲ್ಮುಖದ ವಚನವು ಒಂದೇ ಎಂದೆನಷ್ಟೆ. ಅದೂ ಆರಂಭದಿಂದಲೇ ಏಕರೂಪವಾಗಿತ್ತೆಂದು ತಿಳಿಯಬಾರದು, ಮತ್ತು ಇಲ್ಲಿ ನಮ್ಮ ಲಿಪಿಗೂ ಸಂಬಂಧಿಸಿದ ಒಂದು ಸಂಗತಿಯುಂಟು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರದ ಟರ್ಮಿನಲ್ಲುಗಳು ಭಾರತೀಯ ಲಿಪಿಗಳ ಒತ್ತಕ್ಷರ ಗುಣಿತಾಕ್ಷರಗಳನ್ನು ತಾವೇ ಕೂಡಿಸಿ ತೋರಿಸುತ್ತಿದ್ದವು. ಯುನಿಕ್ಸ್ ಯಂತ್ರದಿಂದ ತಂತಿಯ ಮೇಲೆ ಬರಬೇಕಾದದ್ದು 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತಗಳು ಮಾತ್ರ. ಇಂಗ್ಲಿಷ್ ಅಕ್ಷರಗಳಿಗೆ ಏಳು ಬಿಟ್ಟುಗಳು ಸಾಲುತ್ತವೆ. ಇಸ್ಕಿಯಲ್ಲಿ ಭಾರತೀಯ ಅಕ್ಷರಗಳೆಲ್ಲ ಎಂಟನೆಯ ಬಿಟ್ ಹೊತ್ತ ಮೇಲರ್ಧದಲ್ಲಿವೆ. ಬೆಲ್ ಪ್ರಯೋಗಾಲಯದ ಏಳನೆಯ ಆವೃತ್ತಿಯ ಟರ್ಮಿನಲ್ ಡ್ರೈವರಾದರೋ, ಸಾಮಾನ್ಯ ಕ್ರಮದಲ್ಲಿ ಒಳಬರುವ ಎಂಟನೆಯ ಬಿಟ್ಟನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿಹಾಕುತ್ತಿತ್ತು. ಆಗ ಕೀಲಿಮಣೆಯಿಂದ ಹೊರಟ ಕನ್ನಡವು ಪ್ರೋಗ್ರಾಮನ್ನು ಮುಟ್ಟುವ ಹೊತ್ತಿಗೆ ಅರ್ಥಹೀನ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಬಿಡುತ್ತದೆ. ಸಿಸ್ಟಂ ಫೈವ್ ಶಾಖೆಯವರು ಈ ಕತ್ತರಿಯನ್ನು ಇಸ್ಟ್ರಿಪ್ ಎಂಬ ಒಂದು ಪ್ರತ್ಯೇಕ ಗುರುತಿಗೆ ಒಪ್ಪಿಸಿ, ಬೇಕಾದವರು ಅದನ್ನು ಆರಿಸುವಂತೆ ಮಾಡಿದರು. 1988ರ ಪಾಸಿಕ್ಸ್ ಮಾನಕವು ಅದೇ ಮಾದರಿಯನ್ನು ಎಲ್ಲ ಶಾಖೆಗಳಿಗೂ ಅನ್ವಯಿಸಿತು. ಡ್ರೈವರಿನ ಒಂದು ಗುರುತು ಆರಿದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಭಾಷೆಯ ಪ್ರವೇಶ ನಿಂತಿತ್ತೆಂಬುದು, ಇಂದು ಯುನಿಕೋಡಿನ ಸುಖದಲ್ಲಿ ಬೆಳೆದವರಿಗೆ ನಂಬಲಾಗದ ಮಾತು.

ಇನ್ನು ಡ್ರೈವರನ್ನು ಕರ್ನಲ್ಲಿಗೆ ಸೇರಿಸುವ ವಿಧಾನ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಟ ಬಿಎಸ್‌ಡಿ ಶಾಖೆಯಲ್ಲಿ, ಯಂತ್ರದಲ್ಲಿರುವ ಉಪಕರಣಗಳನ್ನೆಲ್ಲ ಒಂದು ವಿವರಣ ಕಡತದಲ್ಲಿ ಬರೆದು, ಕಾನ್ಫಿಗ್ ಎಂಬ ಪ್ರೋಗ್ರಾಮಿಗೆ ಒಪ್ಪಿಸಿ, ಸಮಗ್ರ ಕರ್ನಲ್ಲನ್ನು ಮೂಲದಿಂದಲೇ ಕಂಪೈಲು ಮಾಡಬೇಕಾಗಿತ್ತು. ಮೂಲಪಾಠವು ಕೈಯಲ್ಲಿದ್ದ ವಿಶ್ವವಿದ್ಯಾಲಯಗಳಿಗೆ ಇದು ಸಹಜ. ಮೂಲಪಾಠವನ್ನು ಕಣ್ಣಿನಿಂದಲೂ ಕಾಣದ ಬ್ಯಾಂಕಿನವರಿಗೆ? ಅಂಥವರಿಗಾಗಿ ಎಸ್‌ಸಿಓ ಒಂದು ಉಪಾಯವನ್ನು ಒದಗಿಸಿತ್ತು. ಕರ್ನಲ್ಲಿನ ಅವಯವಗಳೆಲ್ಲ ಮೊದಲೇ ಕಂಪೈಲಾದ ಬಿಡಿ ಕಡತಗಳಾಗಿ ಒಂದು ಡೈರೆಕ್ಟರಿಯಲ್ಲಿ ಇರುತ್ತಿದ್ದವು. ಹೊಸ ಕಾರ್ಡಿನ ಫ್ಲಾಪಿಯು ತನ್ನ ಡ್ರೈವರ್ ಕಡತವನ್ನೂ, ಅಡಚಣೆ ಸಂಖ್ಯೆ ಮತ್ತು ವಿಳಾಸಗಳನ್ನು ನಮೂದಿಸಿದ ಎರಡು ಸಾಲುಗಳನ್ನೂ ಅವುಗಳ ನಡುವೆ ಇರಿಸುತ್ತಿತ್ತು. ಅನಂತರ ಎಲ್ಲವನ್ನೂ ಒಟ್ಟಾಗಿ ಬೆಸೆದು ಹೊಸ ಕರ್ನಲ್ಲನ್ನು ಕಟ್ಟಬೇಕು. ಕಾರ್ಡಿನ ಮೇಲಿನ ಜಂಪರುಗಳನ್ನು ಇಕ್ಕಳದಲ್ಲಿ ಹಿಡಿದು ಸರಿಸಿ, ಅಲ್ಲಿ ಇಟ್ಟ ಸಂಖ್ಯೆಯೂ ಪರದೆಯ ಮೇಲೆ ಬೆರಳಚ್ಚಿಸಿದ ಸಂಖ್ಯೆಯೂ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಎಂಜಿನಿಯರನ ಹೊಣೆ. ಬೆಸುಗೆ ಮುಗಿದ ಮೇಲೆ, ಈ ಕರ್ನಲ್ಲೇ ಇನ್ನು ಮುಂದೆ ಮೊದಲಾಗಿ ಏಳಬೇಕೆ ಎಂದು ಯಂತ್ರವು ಕೇಳುತ್ತಿತ್ತು. ಹೌದೆಂದರೆ ಹಳೆಯದನ್ನು ಯುನಿಕ್ಸ್ ಡಾಟ್ ಓಲ್ಡ್ ಎಂಬ ಹೆಸರಿನಲ್ಲಿ ಎತ್ತಿಡುತ್ತಿತ್ತು. ಹೊಸದು ಏಳದೆ ಮುಗ್ಗರಿಸಿದರೆ, ಬೂಟ್ ಎಂಬ ಪ್ರಶ್ನೆಯ ಮುಂದೆ ಆ ಹಳೆಯ ಹೆಸರನ್ನು ಬೆರಳಚ್ಚಿಸಿ ಪ್ರಾಣ ಉಳಿಸಿಕೊಳ್ಳಬಹುದಾಗಿತ್ತು.

ಈ ಕ್ರಮದ ಬಲವೂ ದೌರ್ಬಲ್ಯವೂ ಒಂದೆಡೆಯೇ ಇವೆ. ಒಮ್ಮೆ ಬೆಸೆದ ಕರ್ನಲ್ ಸ್ಥಿರವಾದದ್ದು. ವರ್ಷಗಟ್ಟಲೆ ಹಾಗೆಯೇ ಓಡುತ್ತದೆ. ಆದರೆ ಒಂದು ಪ್ರಿಂಟರ್ ಪೋರ್ಟನ್ನು ಹೆಚ್ಚಿಸಬೇಕಾದರೂ ಯಂತ್ರವನ್ನು ನಿಲ್ಲಿಸಿ ಏಳಿಸಬೇಕಾದಕಾರಣ, ಅಂಥ ಕೆಲಸಗಳನ್ನು ನಗದು ಮುಗಿದ ಮೇಲಿನ ಸಂಜೆಗೋ ಭಾನುವಾರಕ್ಕೋ ಇಟ್ಟುಕೊಳ್ಳುವುದು ಅನಿವಾರ್ಯವಾಗುತ್ತಿತ್ತು.

ಮಾಡ್ಯೂಲುಗಳ ಕಲ್ಪನೆ ಹುಟ್ಟಿದ್ದು ಈ ಅನಿವಾರ್ಯತೆಯಿಂದ. ಓಡುತ್ತಿರುವ ಕರ್ನಲ್ಲಿಗೇ ಒಂದು ತುಂಡನ್ನು ಜೋಡಿಸಿ, ಬೇಡವಾದಾಗ ಬಿಡಿಸಿಬಿಡುವುದಾದರೆ ಯಂತ್ರವನ್ನು ಮಲಗಿಸಿ ಏಳಿಸುವ ಅಗತ್ಯವೇನು? ಐಬಿಎಂನ ಎಐಎಕ್ಸ್ 1990ರ ಮೂರನೆಯ ಆವೃತ್ತಿಯಲ್ಲಿ ಉಪಕರಣಗಳ ವಿವರಗಳನ್ನೆಲ್ಲ ಓಡಿಎಂ ಎಂಬ ಒಂದು ದತ್ತಾಂಶ ಭಂಡಾರದಲ್ಲಿ ಇರಿಸಿತು. ಅಲ್ಲಿ ಒಂದು ಡಿಸ್ಕು ನಿರೂಪಿತವಾಗಿದ್ದೂ ಲಭ್ಯವಲ್ಲದ ಸ್ಥಿತಿಯಲ್ಲಿ ಇರಬಹುದು, ಸಿಎಫ್‌ಜಿಎಂಜಿಆರ್ ಎಂಬ ಆಜ್ಞೆ ಬಂದು ಹುಡುಕಿದೊಡನೆ ಅದರ ಡ್ರೈವರ್ ಮೇಲೆದ್ದು ಲಭ್ಯವಾಗುತ್ತದೆ. ಸನ್ ಕಂಪನಿಯ ಸೋಲಾರಿಸ್ 1992ರ ಎರಡನೆಯ ಆವೃತ್ತಿಯಿಂದ ಡ್ರೈವರುಗಳನ್ನೆಲ್ಲ ಮಾಡ್ಯೂಲುಗಳನ್ನಾಗಿಯೇ ಮಾಡಿ, ಉಪಕರಣದ ಕಡತವನ್ನು ಯಾರಾದರೂ ಮೊದಲ ಬಾರಿಗೆ ತೆರೆದಾಗ ತಾನಾಗಿ ಎತ್ತಿಕೊಳ್ಳುವ ವ್ಯವಸ್ಥೆ ಮಾಡಿತು. ಎಚ್‌ಪಿ-ಯುಎಕ್ಸ್ ಮಾತ್ರ ಹನ್ನೊಂದನೆಯ ಆವೃತ್ತಿಯವರೆಗೂ ಕರ್ನಲ್ ಪುನಾರಚನೆಯ ಹಳೆಯ ದಾರಿಯನ್ನೇ ಹಿಡಿದಿತ್ತು.

ಈ ಮೂವರಲ್ಲಿ ಸೋಲಾರಿಸಿನ ನಡತೆ ನನಗೆ ಹೆಚ್ಚು ಗೌರವಾರ್ಹವಾಗಿ ತೋರುತ್ತದೆ. ಡಿಡಿಐ ಎಂಬ ಹೆಸರಿನ ಲಿಖಿತ ಒಡಂಬಡಿಕೆಯೊಂದನ್ನು ಪ್ರಕಟಿಸಿ, ಇದರಲ್ಲಿ ಹೇಳಿದ ಕ್ರಿಯೆಗಳನ್ನು ಮಾತ್ರ ಬಳಸಿ ಬರೆದ ಡ್ರೈವರನ್ನು ಮುಂದಿನ ಆವೃತ್ತಿಗಳಲ್ಲಿ ಮರುಕಂಪೈಲು ಸಹ ಮಾಡದೆ ನಡೆಸಿಕೊಡುತ್ತೇವೆಂದು ಅದು ಮಾತುಕೊಟ್ಟಿತು. ಹೊರಗಿನ ಕಾರ್ಡ್ ತಯಾರಕನೊಬ್ಬನು ತನ್ನ ಮೂಲಪಾಠವನ್ನು ಯಾರಿಗೂ ತೋರಿಸದೆಯೇ, ಹತ್ತು ವರ್ಷ ಒಂದೇ ಡ್ರೈವರಿನಿಂದ ಜೀವನ ಸಾಗಿಸಬಹುದಾಗಿತ್ತು. ಇದಕ್ಕೆ ಬೆಲೆಯೂ ಇತ್ತು: ಒಮ್ಮೆ ಕೊಟ್ಟ ಮಾತಿಗಾಗಿ ಕರ್ನಲ್ಲಿನ ಒಳರಚನೆಯ ಹಳೆಯ ಮೂಲೆಗಳನ್ನು ಕೆಡವದೆ ಹೊತ್ತುಕೊಂಡು ಹೋಗಬೇಕು.

ಮುಂಬಯಿಯವರಿಗೆ ಇದನ್ನು ರೈಲಿನ ನಿದರ್ಶನದಿಂದ ಹೇಳಬಹುದು. ನಗರದ ಹಳಿಗಳ ಮೇಲಿನ ತಂತಿಯಲ್ಲಿ ಬಹುಕಾಲ 1,500 ವೋಲ್ಟಿನ ಏಕಮುಖ ವಿದ್ಯುತ್ತೂ, ಇಗತ್‌ಪುರಿಯಿಂದಾಚೆಗೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತೂ ಹರಿಯುತ್ತಿದ್ದುದರಿಂದ, ವಿಕ್ಟೋರಿಯಾ ಟರ್ಮಿನಸಿನಿಂದ ಹೊರಟ ಗಾಡಿಗೆ ಇಗತ್‌ಪುರಿಯಲ್ಲಿ ಎಂಜಿನನ್ನೇ ಬದಲಿಸಬೇಕಾಗುತ್ತಿತ್ತು. ಮೇಲಿನ ಬರ್ತಿನಲ್ಲಿ ಮಲಗಿದ ಪ್ರಯಾಣಿಕನಿಗೆ ಟಿಕೇಟೂ ಬದಲಾಗಲಿಲ್ಲ, ಹಾಸಿಗೆಯೂ ಬದಲಾಗಲಿಲ್ಲ. ಪ್ರೋಗ್ರಾಮು ಆ ಪ್ರಯಾಣಿಕ, ಡ್ರೈವರು ಆ ಎಂಜಿನ್. ಎರಡೂ ವಿದ್ಯುತ್ತಿಗೆ ಒಗ್ಗುವ ಎಂಜಿನುಗಳನ್ನು ರೈಲ್ವೆ ಕಟ್ಟಿಸಿದ್ದೂ ಉಂಟು. ಆದರೆ ಕೊನೆಗೆ ಸಮಸ್ಯೆ ಪರಿಹಾರವಾದದ್ದು ಅವುಗಳಿಂದಲ್ಲ, 2016ರ ವೇಳೆಗೆ ನಗರದ ತಂತಿಗಳನ್ನೇ ಬದಲಿಸಿ ಎಲ್ಲೆಡೆಯೂ ಒಂದೇ ವಿದ್ಯುತ್ತನ್ನು ಹರಿಸಿದ್ದರಿಂದ.

ಯುನಿಕ್ಸ್ ಲೋಕದಲ್ಲಿ ಅಂಥ ಏಕೀಕರಣ ನಡೆಯಲಿಲ್ಲ. ಎಷ್ಟು ಆಳದ ಭೇದವೆಂಬುದನ್ನು ಒಂದು ಈಥರ್ನೆಟ್ ಕಾರ್ಡಿನಿಂದಲೇ ಅಳೆಯಬಹುದು. ಬಿಎಸ್‌ಡಿಯಲ್ಲಿ ಜಾಲದ ಪೊಟ್ಟಣವೊಂದು ಎಂಬಫ್ ಎಂಬ ಚಿಕ್ಕ ಚಿಕ್ಕ ತುಂಡುಗಳ ಸರಪಣಿಯಾಗಿ ಚಲಿಸುತ್ತದೆ. ಲಿನಕ್ಸಿನಲ್ಲಿ ಎಸ್‌ಕೆ-ಬಫ್ ಎಂಬ ಬೇರೊಂದು ರಚನೆ. ಸಿಸ್ಟಂ ಫೈವ್ ಪರಂಪರೆಯಲ್ಲಿ, ಡೆನ್ನಿಸ್ ರಿಚಿಯವರೇ 1984ರಲ್ಲಿ ವಿವರಿಸಿದ ಸ್ಟ್ರೀಮ್ಸ್ ಪದ್ಧತಿಯಂತೆ, ಡ್ರೈವರಿಗೂ ಪ್ರೋಗ್ರಾಮಿಗೂ ನಡುವೆ ಸಂಸ್ಕಾರಕ ಘಟ್ಟಗಳನ್ನು ಒಂದರ ಮೇಲೊಂದು ಇಳಿಸುತ್ತ ಹೋಗಿ, ಅವುಗಳ ಮೂಲಕ ಎಂಬ್ಲಾಕ್ ಎಂಬ ಸಂದೇಶಗಳನ್ನು ಹಾಯಿಸುತ್ತಾರೆ. ಸಿಸ್ಟಂ ಫೈವಿನಲ್ಲಿ ಈಥರ್ನೆಟ್ ಕಾರ್ಡಿಗೂ ಡೆವ್ ಡೈರೆಕ್ಟರಿಯಲ್ಲಿ ಒಂದು ಕಡತವುಂಟು. ಎಲ್ಲವೂ ಕಡತವೆಂದು ಹೆಮ್ಮೆಪಡುವ ವಂಶದ ಉಳಿದೆರಡು ಶಾಖೆಗಳಲ್ಲಿ ಅದಕ್ಕೆ ಕಡತವೇ ಇಲ್ಲ. ಹೀಗಿರಲು, ಒಂದು ಶಾಖೆಯ ಡ್ರೈವರನ್ನು ಮತ್ತೊಂದಕ್ಕೆ ಒಯ್ಯುವುದೆಂದರೆ ಚಿಪ್ಪಿನೊಡನೆ ಮಾತಾಡುವ ಭಾಗವನ್ನು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಹೊಸದಾಗಿ ಬರೆಯುವುದೇ ಸರಿ.

ಹೆಸರಿಡುವ ಪದ್ಧತಿಯೂ ಬೇರೆ. ಲಿನಕ್ಸಿನಲ್ಲಿ ಯಾರು ಮಾಡಿದ ಕಾರ್ಡಾದರೂ ಬಹುಕಾಲ ಈಥ್ ಸೊನ್ನೆ, ಈಥ್ ಒಂದು ಎಂದೇ ಕರೆಸಿಕೊಂಡಿತು. ಎರಡು ಕಾರ್ಡುಗಳಿರುವ ಯಂತ್ರದಲ್ಲಿ ಯಾವುದು ಸೊನ್ನೆ ಎಂಬ ಗೊಂದಲಕ್ಕೆ ಬೇಸತ್ತು, ಕಾರ್ಡು ಕೂತ ಸ್ಥಾನವನ್ನು ಹೇಳುವ ಉದ್ದನೆಯ ಹೆಸರುಗಳಿಗೆ ಆಮೇಲೆ ಹೋದರು. ಬಿಎಸ್‌ಡಿಗಳಲ್ಲಿ ಹೆಸರು ಡ್ರೈವರಿನದೇ: ರಿಯಲ್‌ಟೆಕ್ ಕಾರ್ಡಾದರೆ ಆರ್‌ಎಲ್ ಸೊನ್ನೆ, ಇಂಟೆಲ್ಲಿನದಾದರೆ ಇಎಂ ಸೊನ್ನೆ. ಡಿಸ್ಕಿನ ಹೆಸರು ಲಿನಕ್ಸಿನಲ್ಲಿ ಎಸ್‌ಡಿಎ, ಫ್ರೀಬಿಎಸ್‌ಡಿಯಲ್ಲಿ ಡಿಎ ಸೊನ್ನೆ, ಎಐಎಕ್ಸಿನಲ್ಲಿ ಎಚ್‌ಡಿಸ್ಕ್ ಸೊನ್ನೆ. ಸೋಲಾರಿಸಿನಲ್ಲಾದರೋ ನಿಯಂತ್ರಕ, ಗುರಿ, ಡಿಸ್ಕು, ಹೋಳು ಎಂಬ ನಾಲ್ಕು ಅಂಕಿಗಳ ಪ್ರವರವನ್ನೇ ಹೇಳಬೇಕು. ಬಿಎಸ್‌ಡಿಯ ಪದ್ಧತಿಯೇ ಪ್ರಾಮಾಣಿಕವಾದದ್ದೆಂದು ನನ್ನ ಮತ. ಹೆಸರು ಕೇಳಿದೊಡನೆ ಯಾವ ಡ್ರೈವರಿನ ಕೈಪಿಡಿಯನ್ನು ತೆರೆಯಬೇಕೆಂಬುದು ತಿಳಿಯುತ್ತದೆ.

ಲಿನಕ್ಸಿನ ವೃತ್ತಾಂತಕ್ಕೆ ಬರೋಣ. 1995ರ ಮಾರ್ಚಿನಲ್ಲಿ ಬಂದ 1.2ನೆಯ ಆವೃತ್ತಿಯ ವೇಳೆಗೆ ಅದರಲ್ಲಿ ಮಾಡ್ಯೂಲುಗಳು ನೆಲೆಗೊಂಡಿದ್ದವು. ಅದೇ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಮುಂಬಯಿ ಮೊದಲಾದ ನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಂಪರ್ಕವನ್ನು ತೆರೆಯಿತು. ಅಗ್ಗದ ಶೆಲ್ ಖಾತೆಯನ್ನು ಕೊಂಡ ವಿದ್ಯಾರ್ಥಿಗಳು ನಿಗಮದ ಯುನಿಕ್ಸ್ ಯಂತ್ರಕ್ಕೆ ದೂರವಾಣಿಯ ಮೂಲಕ ಲಗ್ಗೆಯಿಟ್ಟರು. ಅವರಲ್ಲಿ ಆಸಕ್ತರಾದವರು ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಿಂದ ತಮ್ಮ ಮನೆಯ ಯಂತ್ರದಲ್ಲಿಯೂ ಲಿನಕ್ಸನ್ನು ಹಾಕಿಕೊಂಡರು. ಅಲ್ಲಿ ಅವರಿಗೆ ಎದುರಾದ ವಿಘ್ನವೇ ಒಳಗೂರುವ ಮೋಡೆಮ್. ಗ್ರಾಂಟ್ ರೋಡಿನ ಪಕ್ಕದ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಹೊರಗಿಡುವ ಮೋಡೆಮಿಗಿಂತ ಬಹಳ ಅಗ್ಗವಾಗಿ ದೊರೆಯುತ್ತಿದ್ದ ಈ ಕಾರ್ಡುಗಳಲ್ಲಿ ಬೆಲೆ ತಗ್ಗಿಸುವ ಸಲುವಾಗಿ ಸಂಕೇತ ಸಂಸ್ಕರಣದ ಚಿಪ್ಪನ್ನೇ ಬಿಟ್ಟಿರುತ್ತಿದ್ದರು. ಆ ಕಾರ್ಯವನ್ನು ಕಂಪ್ಯೂಟರಿನ ಮುಖ್ಯ ಚಿಪ್ಪಿನಿಂದ ಮಾಡಿಸುವ ಹೊಣೆ ಡ್ರೈವರಿನದು, ಮತ್ತು ಆ ಡ್ರೈವರು ವಿಂಡೋಸಿಗೆ ಮಾತ್ರ ಬರೆಯಲ್ಪಟ್ಟಿತ್ತು. ಜುಹು–ಪವಾಯಿಗಳ ನಡುವೆ ಅಂಚೆ ಸಾಗಿಸಿದ ಮೋಡೆಮು ಸ್ವಯಂಪೂರ್ಣವಾದದ್ದು, ಅದಕ್ಕೆ ಸೀರಿಯಲ್ ಪೋರ್ಟಿನ ಡ್ರೈವರೊಂದಿದ್ದರೆ ಸಾಕಾಗಿತ್ತು. ಇದಾದರೋ ಡ್ರೈವರಿಲ್ಲದಿದ್ದರೆ ಕೇವಲ ಹಸುರು ಹಲಗೆ.

ಕೆಲವು ತಯಾರಕರು ಒತ್ತಾಯಕ್ಕೆ ಮಣಿದು ಲಿನಕ್ಸಿಗೂ ಮಾಡ್ಯೂಲನ್ನು ಕೊಟ್ಟರು, ಆದರೆ ಕಂಪೈಲಾದ ರೂಪದಲ್ಲಿ, ಮೂಲಪಾಠವಿಲ್ಲದೆ. ಲಿನಕ್ಸಿನ ವಿಶೇಷ ಧರ್ಮವು ವ್ಯಕ್ತವಾಗುವುದು ಇಲ್ಲಿಯೇ. ಪ್ರತಿಯೊಂದು ಮಾಡ್ಯೂಲಿನ ಮೈಮೇಲೂ ಅದು ಯಾವ ಕರ್ನಲ್ಲಿಗಾಗಿ ಕಂಪೈಲಾಯಿತೆಂಬ ಮುದ್ರೆಯಿರುತ್ತದೆ. ಮುದ್ರೆ ಹೊಂದದಿದ್ದರೆ ಕರ್ನಲ್ ಅದನ್ನು ಹತ್ತಿರ ಸೇರಿಸುವುದಿಲ್ಲ. ಮೂಲಪಾಠ ಬಿಚ್ಚಿಡದ ಮಾಡ್ಯೂಲು ಒಳಹೊಕ್ಕರೆ ಕರ್ನಲ್ ತನ್ನನ್ನು ಕಳಂಕಿತವೆಂದು ಗುರುತು ಮಾಡಿಕೊಳ್ಳುತ್ತದೆ. ಅಂಥ ಯಂತ್ರದ ದೋಷವರದಿಯನ್ನು ಕರ್ನಲ್ ಬರೆಯುವವರು ಸಾಧಾರಣವಾಗಿ ಮುಟ್ಟುವುದಿಲ್ಲ. ಕೆಲವು ಕ್ರಿಯೆಗಳು ಜಿಪಿಎಲ್ ಪರವಾನಗಿಯ ಮಾಡ್ಯೂಲುಗಳಿಗೆ ಮಾತ್ರ ಲಭ್ಯ. ಇವೆಲ್ಲಕ್ಕೂ ಮಿಗಿಲಾಗಿ, ಕರ್ನಲ್ಲಿನೊಳಗಿನ ಒಡಂಬಡಿಕೆಯನ್ನು ಸ್ಥಿರವಾಗಿಡುವುದಿಲ್ಲವೆಂದು ಲಿನಕ್ಸಿನವರು ಮುಚ್ಚುಮರೆಯಿಲ್ಲದೆ ಸಾರಿದ್ದಾರೆ. ಅದರ ಕಾರಣಗಳನ್ನು ವಿವರಿಸಿ ಗ್ರೆಗ್ ಕ್ರೋಆ-ಹಾರ್ಟ್‌ಮನ್ ಬರೆದ ಪ್ರಬಂಧವೊಂದು ಕರ್ನಲ್ಲಿನ ದಸ್ತಾವೇಜುಗಳ ನಡುವೆಯೇ ಇದೆ. ಮೇಲಿನ ಪ್ರೋಗ್ರಾಮುಗಳಿಗೆ ಕೊಟ್ಟ ಮಾತನ್ನು ಮುರಿಯುವವನ ಮೇಲೆ ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಎಷ್ಟು ಉಗ್ರವಾಗಿ ಎರಗುತ್ತಾರೋ, ಕೆಳಗಿನ ಡ್ರೈವರುಗಳ ವಿಷಯದಲ್ಲಿ ಅಷ್ಟೇ ನಿರ್ಮೋಹಿಗಳು.

ಮೇಲುನೋಟಕ್ಕೆ ಇದು ಅಹಂಕಾರವೆನ್ನಿಸಬಹುದು. ವಸ್ತುಸ್ಥಿತಿ ಬೇರೆ. ಡ್ರೈವರಿನ ಮೂಲಪಾಠವನ್ನು ತಂದು ನಮ್ಮ ಕರ್ನಲ್ಲಿನ ಮೂಲಪಾಠ ವೃಕ್ಷಕ್ಕೇ ಸೇರಿಸಿ; ಅನಂತರ ಒಳಗಿನ ಒಡಂಬಡಿಕೆಯನ್ನು ನಾವು ಬದಲಿಸಿದಾಗಲೆಲ್ಲ ನಿಮ್ಮ ಡ್ರೈವರನ್ನೂ ನಾವೇ ತಿದ್ದುತ್ತೇವೆ ಎಂಬುದು ಅವರ ಷರತ್ತು. ಸೇರಿದವರಿಗೆ ಆಜೀವ ರಕ್ಷಣೆ, ಹೊರಗುಳಿದವರಿಗೆ ಪ್ರತಿ ಆವೃತ್ತಿಯಲ್ಲಿಯೂ ವನವಾಸ. ಹೊರಗುಳಿದವರ ಕಷ್ಟವನ್ನು ತಗ್ಗಿಸಲು, ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ತಾನಾಗಿ ಮರುಕಂಪೈಲು ಮಾಡುವ ಡಿಕೆಎಂಎಸ್ ಎಂಬ ಸಾಧನವನ್ನು ಡೆಲ್ ಕಂಪನಿಯವರು ರೂಪಿಸಿದರು. ಅದು ಪಥ್ಯವೇ ಹೊರತು ಔಷಧವಲ್ಲ. ಗೌರವದ ದೃಷ್ಟಿಯಿಂದ ನಾನು ಸೋಲಾರಿಸಿನ ಪಕ್ಷವಾದರೂ, ಫಲದ ದೃಷ್ಟಿಯಿಂದ ಗೆದ್ದದ್ದು ಲಿನಕ್ಸಿನ ಈ ಕಠೋರ ಷರತ್ತೇ ಎಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಇಂದು ಉಪಕರಣಗಳಿಗೆ ಡ್ರೈವರುಗಳ ಅತಿ ದೊಡ್ಡ ಸಂಗ್ರಹ ಅದರ ವೃಕ್ಷದಲ್ಲಿಯೇ ಇದೆ. ಫ್ರೀಬಿಎಸ್‌ಡಿಯವರು ಸಹ ಗ್ರಾಫಿಕ್ಸ್ ಡ್ರೈವರುಗಳಿಗಾಗಿ ಲಿನಕ್ಸಿನ ಒಳ ಒಡಂಬಡಿಕೆಯನ್ನು ಅನುಕರಿಸುವ ಒಂದು ಪದರವನ್ನು ತಮ್ಮ ಕರ್ನಲ್ಲಿನಲ್ಲಿ ಕಟ್ಟಿಕೊಂಡಿದ್ದಾರೆ.

ಎಲ್ಲ ಯುನಿಕ್ಸುಗಳಿಗೂ ಒಂದೇ ಡ್ರೈವರ್ ಸಲ್ಲುವಂತೆ ಮಾಡುವ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ಎಸ್‌ಸಿಓ, ಎಚ್‌ಪಿ, ಇಂಟೆಲ್ ಮೊದಲಾದವರು ಸೇರಿ ಯುಡಿಐ ಎಂಬ ಸರ್ವಸಾಮಾನ್ಯ ಒಡಂಬಡಿಕೆಯ ಮೊದಲ ಆವೃತ್ತಿಯನ್ನು 1999ರಲ್ಲಿ ಪ್ರಕಟಿಸಿದರು. ಮುಚ್ಚಿದ ಡ್ರೈವರುಗಳಿಗೆ ಇದು ಹೆದ್ದಾರಿಯಾದೀತೆಂದು ರಿಚರ್ಡ್ ಸ್ಟಾಲ್ಮನ್ ಆಕ್ಷೇಪಿಸಿದರು. ಲಿನಕ್ಸಿನವರು ಅದನ್ನು ಸ್ವೀಕರಿಸಲಿಲ್ಲ. ಅದನ್ನು ಎತ್ತಿಹಿಡಿದ ವ್ಯಾಪಾರಿ ಯುನಿಕ್ಸುಗಳ ಮಾರುಕಟ್ಟೆಯೇ ಮುಂದಿನ ವರ್ಷಗಳಲ್ಲಿ ಕುಗ್ಗಿತು. ವಿಧಾನ ಚೆನ್ನಾಗಿತ್ತು, ಬಳಸುವವರು ಬರಲಿಲ್ಲ.

ಉಳಿದ ಶಾಖೆಗಳಲ್ಲಿ ಫ್ರೀಬಿಎಸ್‌ಡಿಯದು ಮಧ್ಯಮ ಮಾರ್ಗ. 1998ರ ಮೂರನೆಯ ಆವೃತ್ತಿಯಿಂದ ಈಗಿನ ರೂಪದ ಮಾಡ್ಯೂಲುಗಳನ್ನು ಪಡೆದ ಅದು ಒಂದು ಮುಖ್ಯ ಆವೃತ್ತಿಯ ಆಯುಷ್ಯದುದ್ದಕ್ಕೂ ಒಡಂಬಡಿಕೆಯನ್ನು ಸಾಧ್ಯವಾದ ಮಟ್ಟಿಗೆ ಕಾಪಾಡುತ್ತದೆ, ಅನಂತರ ಬದಲಿಸುತ್ತದೆ. ಆಪಲ್ಲಿನ ಮ್ಯಾಕ್‌ಓಎಸ್ 2019ರಿಂದೀಚೆಗೆ ಹೊರಗಿನವರ ಡ್ರೈವರುಗಳನ್ನು ಕರ್ನಲ್ಲಿನಿಂದಲೇ ಹೊರಹಾಕಿ, ಸಾಮಾನ್ಯ ಪ್ರೋಗ್ರಾಮುಗಳ ಪಂಕ್ತಿಯಲ್ಲಿ ಕೂರಿಸುತ್ತ ಬಂದಿದೆ. ಕುತೂಹಲಕರವಾದದ್ದು ಓಪನ್‌ಬಿಎಸ್‌ಡಿ. ಓಡುವ ಕರ್ನಲ್ಲಿಗೆ ತುಂಡು ಸೇರಿಸುವ ಬಾಗಿಲು ಡ್ರೈವರಿಗೆ ತೆರೆದಿದ್ದರೆ ಯಂತ್ರದ ಒಡೆತನ ಕಸಿದುಕೊಂಡ ಕಳ್ಳನಿಗೂ ತೆರೆದಿರುತ್ತದೆಯಾದ್ದರಿಂದ, ಭದ್ರತೆಯೇ ಪರಮಧರ್ಮವೆಂದು ಬಗೆದ ಈ ಶಾಖೆಯು ಮಾಡ್ಯೂಲುಗಳ ವ್ಯವಸ್ಥೆಯನ್ನು 2014ರಲ್ಲಿ ಬೇರುಸಹಿತ ಕಿತ್ತುಹಾಕಿತು. ಅಷ್ಟಕ್ಕೇ ನಿಲ್ಲದೆ, 2017ರಿಂದ ಅದು ಪ್ರತಿಸಲ ಏಳುವಾಗಲೂ ಕರ್ನಲ್ಲಿನ ಬಿಡಿ ಅವಯವಗಳನ್ನು ಯಾದೃಚ್ಛಿಕ ಕ್ರಮದಲ್ಲಿ ಮರುಬೆಸೆದು, ಮುಂದಿನ ಬಾರಿಗೆಂದು ಹೊಸ ಕರ್ನಲ್ಲನ್ನು ಸಿದ್ಧಪಡಿಸಿಡುತ್ತದೆ. ಯಾವ ಕ್ರಿಯೆ ಸ್ಮೃತಿಯ ಯಾವ ವಿಳಾಸದಲ್ಲಿದೆಯೆಂದು ಕಳ್ಳನು ಮೊದಲೇ ಊಹಿಸಲಾರನು. ಎಸ್‌ಸಿಓ ಕಾಲದ ಎಂಜಿನಿಯರು ಭಾನುವಾರವಿಡೀ ಮಾಡುತ್ತಿದ್ದ ಬೆಸುಗೆಯನ್ನು ಈಗಿನ ಯಂತ್ರ ಕ್ಷಣಾರ್ಧದ ನಿತ್ಯಕರ್ಮವಾಗಿ ಮಾಡಿ ಮುಗಿಸುತ್ತದೆ.

ಇಷ್ಟೆಲ್ಲ ಭೇದಗಳ ನಡುವೆ ಕನ್ನಡ ಬರೆಯುವವನು ಚಿಂತಿಸಬೇಕಾದ ಕಾರಣವಿಲ್ಲವೆಂಬುದೊಂದು ಸಮಾಧಾನ. ಕೀಲಿಮಣೆಯ ಡ್ರೈವರು ಒತ್ತಿದ ಕೀಲಿಯ ಸಂಖ್ಯೆಯನ್ನು ಮಾತ್ರ ಒಪ್ಪಿಸುತ್ತದೆ. ಅದು ಕ ಆಗಬೇಕೋ ಖ ಆಗಬೇಕೋ ಎಂಬುದು ಮೇಲಿನ ಪದರದಲ್ಲಿ ತೀರ್ಮಾನವಾಗುವ ವಿಷಯ. ಒಂದು ಕಾಲಕ್ಕೆ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿದ್ದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿವಿನ್ಯಾಸವು ಲಿನಕ್ಸಿನಲ್ಲಿಯೂ ಫ್ರೀಬಿಎಸ್‌ಡಿಯಲ್ಲಿಯೂ ಯಾವ ಡ್ರೈವರನ್ನೂ ಮುಟ್ಟದೆ ನಡೆಯುವುದು ಇದರಿಂದಲೇ.

ಚಿಂತಿಸಬೇಕಾದವರು ಕೊಳ್ಳುವವರು. ಸಹಕಾರಿ ಸಂಘದ ಕಚೇರಿಗೋ, ಕನ್ನಡ ಸಂಘದ ಪುಸ್ತಕಾಲಯಕ್ಕೋ ಲಿನಕ್ಸ್ ಯಂತ್ರವನ್ನಿರಿಸಿಕೊಂಡವರು ಹೊಸ ಪ್ರಿಂಟರು, ವೈಫೈ ಕಾರ್ಡು, ಸ್ಕ್ಯಾನರುಗಳನ್ನು ಕೊಳ್ಳಹೊರಟಾಗ, ಇದು ಲಿನಕ್ಸಿನಲ್ಲಿ ನಡೆಯುತ್ತದೆಯೆ ಎಂದು ಕೇಳುವುದು ಸಾಲದು. ಅದಕ್ಕೆ ಅಂಗಡಿಯವನು ಹೌದೆಂದೇ ಹೇಳುವನು. ಇದರ ಡ್ರೈವರು ಕರ್ನಲ್ಲಿನ ವೃಕ್ಷದಲ್ಲಿಯೇ ಇದೆಯೆ, ಅಥವಾ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕೆ ಎಂದು ಕೇಳಬೇಕು. ಪ್ರಿಂಟರಾದರೆ, ಡ್ರೈವರಿನ ಹಂಗಿಲ್ಲದೆ ಐಪಿಪಿ ವಿಧಾನದಲ್ಲಿ ಮುದ್ರಿಸುವ ಮಾದರಿಯನ್ನೇ ಆರಿಸಬೇಕು. ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕೆಂಬ ಉತ್ತರ ಬಂದರೆ, ನೂರಿನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲವೆಂದು ಬೇರೊಂದನ್ನು ತೋರಿಸಹೇಳಿ.